ಮಕ್ಕಳ ಕೈಯಲ್ಲಿನ ಹೊಸ ಕಾರ್ಡುಗಳು: ಒಂದು ಪರಾಮರ್ಶೆ

ಮಲೆನಾಡಿನ ಮಳೆಗಾಲವು ಮಕ್ಕಳನ್ನು ಮನೆಯೊಳಗೆ ಕೂಡಿಹಾಕುವ ಕಾಲ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮನೆಗಳಲ್ಲಿ ಜಡಿಮಳೆಯ ದಿನಗಳಿಗೆಂದೇ ಚನ್ನೆಮಣೆ, ಚೌಕಾಬಾರ, ಪಗಡೆಗಳು ಬಳಕೆಯಲ್ಲಿದ್ದವು. ಆ ಸ್ಥಾನಕ್ಕೆ ಈಗ ಬಂದು ಸೇರಿರುವ ಆಟಗಳಲ್ಲಿ ಪೊಕೆಮಾನ್ ಕಾರ್ಡುಗಳೂ ಸೇರಿವೆ. ಹಿರಿಯರಲ್ಲಿ ಕೆಲವರು ಇವನ್ನು ಇಸ್ಪೀಟಿನ ಇನ್ನೊಂದು ರೂಪವೆಂದು ತಿಳಿದು ಒಮ್ಮೆಲೇ ನಿಷೇಧಿಸುತ್ತಾರೆ. ಮತ್ತೆ ಕೆಲವರು ಮಕ್ಕಳ ಆಟಿಕೆಯೆಂದು ಬಗೆದು ಕೇಳಿದಷ್ಟು ಹಣ ಕೊಡುತ್ತಾರೆ. ಎರಡೂ ಪರೀಕ್ಷಿಸದೆ ತಳೆದ ನಿಲುವುಗಳೇ. 2025ರ ಸೆಪ್ಟೆಂಬರ್ 26ರಂದು ಬಿಡುಗಡೆಯಾದ ‘ಮೆಗಾ ಎವಲ್ಯೂಷನ್’ ಎಂಬ ಕಂತಿನಿಂದ ಈ ಆಟದ ಹೊಸ ಸರಣಿಯೊಂದು ಆರಂಭವಾಗಿದೆ. ಆಡುವವರು, ಸಂಗ್ರಹಿಸುವವರು, ಇವರಿಬ್ಬರ ಪರವಾಗಿ ಹಣ ತೆರುವ ತಂದೆತಾಯಿಗಳು, ಈ ಮೂವರ ದೃಷ್ಟಿಯಿಂದಲೂ ಅದರ ಗುಣದೋಷಗಳನ್ನು ವಿವೇಚಿಸುವುದು ಉಚಿತ.

ಸಾಮಾನ್ಯ ಇಸ್ಪೀಟಿನ ಕಟ್ಟಿನಲ್ಲಿ 52 ಎಲೆಗಳು. ಅವು ಎಲ್ಲರಿಗೂ ಒಂದೇ. 1993ರಲ್ಲಿ ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ‘ಮ್ಯಾಜಿಕ್’ ಎಂಬ ಆಟವು ಈ ಪದ್ಧತಿಯನ್ನು ಬದಲಿಸಿತು. ಆಟಗಾರನು ತಾನು ಕೊಂಡ, ವಿನಿಮಯದಿಂದ ಪಡೆದ ಕಾರ್ಡುಗಳಿಂದ ತನ್ನದೇ ಕಟ್ಟನ್ನು ಕಟ್ಟಿಕೊಳ್ಳಬೇಕು. ತಯಾರಕರು ಆಗಾಗ ಹೊಸ ಕಂತುಗಳನ್ನು ಹೊರತರುತ್ತಿರುತ್ತಾರೆ. 1996ರಲ್ಲಿ ಜಪಾನಿನಲ್ಲಿ ಪೊಕೆಮಾನ್ ಕಾರ್ಡುಗಳು ಇದೇ ದಾರಿಯಲ್ಲಿ ಬಂದವು. ಆದುದರಿಂದ ಇಲ್ಲಿ ಪರೀಕ್ಷಿಸಬೇಕಾದವು ಎರಡು: ಒಂದು ಆಟ, ಇನ್ನೊಂದು ಆ ಆಟದ ಸಾಮಗ್ರಿಯನ್ನು ಮಾರುವ ರೀತಿ. ಇವೆರಡನ್ನೂ ಬೆರೆಸಿ ನೋಡುವುದರಿಂದಲೇ ಹಿರಿಯರ ತೀರ್ಮಾನಗಳು ದಾರಿ ತಪ್ಪುತ್ತವೆ.

ಮೊದಲು ಆಟ. ಇಬ್ಬರು ಆಟಗಾರರು, ಒಬ್ಬೊಬ್ಬರಿಗೂ 60 ಕಾರ್ಡುಗಳ ಕಟ್ಟು. ಮೂಲಶಕ್ತಿಯ ಕಾರ್ಡುಗಳನ್ನು ಬಿಟ್ಟರೆ ಒಂದೇ ಹೆಸರಿನ ಕಾರ್ಡು ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ. ಆರಂಭದಲ್ಲಿ ಆರು ಕಾರ್ಡುಗಳನ್ನು ಬಹುಮಾನವೆಂದು ಮುಚ್ಚಿ ಇಡಲಾಗುತ್ತದೆ. ಎದುರಾಳಿಯ ಪ್ರಾಣಿಯೊಂದು ಬಲಗುಂದಿ ಹಿಂದೆ ಸರಿದಾಗ ಬಹುಮಾನದ ಕಾರ್ಡನ್ನು ಎತ್ತಿಕೊಳ್ಳಬೇಕು. ಸಾಮಾನ್ಯವಾಗಿ ಆರನ್ನೂ ಮೊದಲು ಎತ್ತಿಕೊಂಡವನು ಗೆದ್ದಂತೆ. ಕಟ್ಟನ್ನು ಕಲಸುವುದರಲ್ಲಿ ಅದೃಷ್ಟದ ಪಾಲಿದ್ದರೂ, ಯಾವ ಕಾರ್ಡನ್ನು ಯಾವಾಗ ಇಳಿಸಬೇಕು, ಯಾವುದನ್ನು ಕೈಯಲ್ಲೇ ಉಳಿಸಿಕೊಳ್ಳಬೇಕು ಎಂಬುದು ಎಣಿಕೆಯ ಹಾಗೂ ತಾಳ್ಮೆಯ ವಿಷಯ.

ಹೊಸ ಕಂತಿನ ವೈಶಿಷ್ಟ್ಯವಾದ ‘ಮೆಗಾ’ ಕಾರ್ಡುಗಳು ಈ ಎಣಿಕೆಯನ್ನು ಇನ್ನಷ್ಟು ಸೂಕ್ಷ್ಮಗೊಳಿಸಿವೆ. ಲುಕಾರಿಯೊ ಎಂಬ ಪ್ರಾಣಿಯ ಮೆಗಾ ರೂಪಕ್ಕೆ 340ರಷ್ಟು ಬಲ. ಕಂಗಸ್ಖಾನ್ ಎಂಬುದಕ್ಕೆ 300, ಅದನ್ನು ಪೂರ್ವರೂಪದ ಹಂಗಿಲ್ಲದೆ ನೇರವಾಗಿ ಇಳಿಸಲೂಬಹುದು. ಹಿಂದೊಮ್ಮೆ ಇದೇ ಆಟದಲ್ಲಿ ಬಂದಿದ್ದ ಮೆಗಾ ಕಾರ್ಡುಗಳನ್ನು ಇಳಿಸಿದೊಡನೆ ಆಟಗಾರನ ಸರದಿಯೇ ಮುಗಿಯುತ್ತಿತ್ತು. ಈಗ ಆ ನಿರ್ಬಂಧವಿಲ್ಲ. ಆದರೆ ಈ ಬಲಕ್ಕೆ ತೆರಬೇಕಾದ ಬೆಲೆಯೂ ಇದೆ. ಮೆಗಾ ಕಾರ್ಡೊಂದು ಸೋತರೆ ಎದುರಾಳಿಗೆ ಒಂದಲ್ಲ, ಮೂರು ಬಹುಮಾನಗಳು ದಕ್ಕುತ್ತವೆ. ಅಂಥ ಎರಡು ಸೋಲುಗಳಾದರೆ ಆಟವೇ ಮುಗಿಯಿತು. ಬಲವನ್ನೇ ನಂಬಿದವನು ಬೇಗನೆ ಸೋಲುವ ಸಂಭವವನ್ನು ನಿಯಮವೇ ಒಳಗೊಂಡಿರುವುದು ರಚನೆಯ ಗುಣ. ಎರಡೇ ಪೆಟ್ಟಿಗೆ ಆಟ ಮುಗಿದುಹೋಗಿ, ತಿದ್ದಿಕೊಳ್ಳಲು ಕಿರಿಯರಿಗೆ ಅವಕಾಶ ಸಿಗದಿರುವುದು ಅದೇ ರಚನೆಯ ದೋಷ.

ಆಡುವವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಈ ಕಂತಿನಲ್ಲಿ ಬಹು ಉಪಯುಕ್ತವಾದ ಕಾರ್ಡುಗಳೆಲ್ಲ ಹೊಳೆಯುವ ಕಾರ್ಡುಗಳೇನಲ್ಲ. ‘ಲಿಲ್ಲೀಸ್ ಡಿಟರ್ಮಿನೇಷನ್’ ಎಂಬ ಸಹಾಯಕ ಕಾರ್ಡು ಕೈಯಲ್ಲಿರುವುದನ್ನೆಲ್ಲ ಕಟ್ಟಿಗೆ ಕಲಸಿ ಹೊಸದಾಗಿ ಆರು ಕಾರ್ಡುಗಳನ್ನು ಕೊಡುತ್ತದೆ. ಆರು ಬಹುಮಾನಗಳೂ ಹಾಗೆಯೇ ಉಳಿದಿದ್ದರೆ ಎಂಟನ್ನು ಕೊಡುತ್ತದೆ. ಹಿನ್ನಡೆಯಲ್ಲಿರುವವನನ್ನು ಎತ್ತಿ ನಿಲ್ಲಿಸುವ ಈ ಕಾರ್ಡಿನ ಸಾಧಾರಣ ಪ್ರತಿಯು ಸುಲಭವಾಗಿ ದೊರೆಯುವಂಥದು. ಆಡುವುದಷ್ಟೇ ಉದ್ದೇಶವಾದರೆ ಬೇಕಾದ ಕಾರ್ಡುಗಳನ್ನು ಬಿಡಿಬಿಡಿಯಾಗಿ ಕೊಳ್ಳುವುದೇ ಮಿತವ್ಯಯದ ದಾರಿ.

ಸಂಗ್ರಹಿಸುವವರ ಪಾಲಿಗೆ ಚಿತ್ರ ಬೇರೆ. ಕಂತಿನ ಮುಖ್ಯ ಕಾರ್ಡುಗಳು 132. ಆದರೆ ಅಂಕಿ ಅಲ್ಲಿಗೆ ನಿಲ್ಲದೆ 188ರವರೆಗೆ ಮುಂದುವರಿಯುತ್ತದೆ. ಬಂಗಾರದ ಬಣ್ಣದ ಲುಕಾರಿಯೊ ಕಾರ್ಡಿನ ಮೂಲೆಯಲ್ಲಿ 188/132 ಎಂದು ಅಚ್ಚಾಗಿರುವುದನ್ನು ಕಂಡು ಲೆಕ್ಕ ತಪ್ಪಿತೆಂದು ಭಾವಿಸಬೇಕಿಲ್ಲ. ಹೆಚ್ಚುವರಿಯಾದ 56 ಕಾರ್ಡುಗಳು ಮೊದಲಿನವುಗಳನ್ನೇ ಬೇರೆ ಚಿತ್ರದಲ್ಲಿ, ಬೇರೆ ಮೆರುಗಿನಲ್ಲಿ ತೋರಿಸುವಂಥವು. ಸಾಧಾರಣ ಲುಕಾರಿಯೊಗೂ ಬಂಗಾರದ ಲುಕಾರಿಯೊಗೂ ಆಟದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ; ಬಲವೂ ಅದೇ, ನಿಯಮವೂ ಅದೇ. ವ್ಯತ್ಯಾಸವಿರುವುದು ವಿರಳತೆಯಲ್ಲಿ ಮಾತ್ರ, ಆ ವಿರಳತೆಯನ್ನು ಉಂಟುಮಾಡಿದವರು ಮುದ್ರಿಸಿದವರೇ.

ಹಾಗೆಂದು ಚಿತ್ರಗಳನ್ನು ಕಡೆಗಣಿಸುವುದು ನ್ಯಾಯವಲ್ಲ. ವಿಶೇಷ ಚಿತ್ರಗಳ ಕಾರ್ಡುಗಳಲ್ಲಿ ಪ್ರಾಣಿಗಳು ಹೋರಾಟವನ್ನು ಬಿಟ್ಟು ತಮ್ಮ ಪರಿಸರದಲ್ಲಿ ನೆಮ್ಮದಿಯಾಗಿರುವ ದೃಶ್ಯಗಳೂ ಉಂಟು. ಕಾರ್ಡಿನ ಮೇಲೆ ಅದನ್ನು ಬರೆದ ಕಲಾವಿದರ ಹೆಸರು ಅಚ್ಚಾಗಿರುತ್ತದೆ. ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳು ತಲೆಮಾರುಗಳಿಂದ ಗೋಡೆಯ ಮೇಲೆ ಹಸೆ ಚಿತ್ತಾರವನ್ನು ಬರೆಯುತ್ತ ಬಂದಿದ್ದಾರೆ. ಆ ಗೋಡೆಗಳ ಮೇಲೆ ಅವರ ಹೆಸರಿಲ್ಲ. ಬೆರಳಗಲದ ಕಾಗದದ ಮೇಲೂ ಚಿತ್ರಕಾರನನ್ನು ನೆನೆಯುವ ಈ ರೂಢಿಯು ಮೆಚ್ಚತಕ್ಕದ್ದು.

ಇನ್ನು ಮಾರುವ ರೀತಿ. ಕಾರ್ಡುಗಳು ಮುಖ್ಯವಾಗಿ ಮುಚ್ಚಿದ ಪೊಟ್ಟಣಗಳಲ್ಲಿ ಬರುತ್ತವೆ. ಒಂದರಲ್ಲಿ ಹತ್ತು ಕಾರ್ಡುಗಳು. ಒಳಗೆ ಏನಿದೆಯೆಂದು ಕೊಳ್ಳುವವನಿಗೂ ತಿಳಿಯದು, ಮಾರುವವನಿಗೂ ತಿಳಿಯದು. ಬಂಗಾರದ ಕಾರ್ಡು ಎಷ್ಟು ಪೊಟ್ಟಣಗಳಿಗೊಂದು ಬರುತ್ತದೆಂಬ ಪ್ರಮಾಣವನ್ನೂ ಕಂಪನಿಯು ಪ್ರಕಟಿಸುವುದಿಲ್ಲ. ಸಾಗರದ ಅಡಿಕೆ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಿಸಿದ ಮಾಲನ್ನು ಕಣ್ಣಾರೆ ಕಂಡ ಮೇಲೆಯೇ ವರ್ತಕನು ಧಾರಣೆ ಹೇಳುತ್ತಾನೆ. ಬಾಯಿ ಹೊಲಿದ ಮೂಟೆಗೆ ಬೆಲೆ ಕಟ್ಟುವ ವ್ಯಾಪಾರವನ್ನು ಯಾವ ಹಿರಿಯರೂ ತಮಗಾಗಿ ಒಪ್ಪರು. ಮಕ್ಕಳ ವಿಷಯದಲ್ಲಿ ಮಾತ್ರ ಅದನ್ನು ಒಪ್ಪುತ್ತಿರುವುದು ಆಶ್ಚರ್ಯ.

ಶ್ರಾವಕರು ತೊರೆಯಬೇಕಾದ ಸಪ್ತವ್ಯಸನಗಳಲ್ಲಿ ದ್ಯೂತವು ಮೊದಲನೆಯದು. ಈ ಪೊಟ್ಟಣವು ದ್ಯೂತವೇ? ಅಲ್ಲವೆನ್ನುವವರ ವಾದಕ್ಕೆ ಆಧಾರವಿದೆ: ಹಣ ತೆತ್ತವನಿಗೆ ಹತ್ತು ಕಾರ್ಡುಗಳು ಖಂಡಿತವಾಗಿ ದೊರೆಯುತ್ತವೆ, ಬರಿಗೈಯಲ್ಲಿ ಹೋಗುವವನಿಲ್ಲ. ಆದರೆ ಪೊಟ್ಟಣವನ್ನು ಹರಿದ ಬಾಲಕನು ಒಂಬತ್ತನ್ನು ಬದಿಗೆಸೆದು ಒಂದನ್ನೇ ಹುಡುಕುತ್ತಾನಾದರೆ, ಅದು ಸಿಗಲಿಲ್ಲವೆಂದು ಇನ್ನೊಂದು ಪೊಟ್ಟಣಕ್ಕೆ ಕೈಚಾಚುತ್ತಾನಾದರೆ, ಅವನು ಹಣ ತೆತ್ತದ್ದು ಹತ್ತು ಕಾರ್ಡುಗಳಿಗಲ್ಲ, ಒಂದು ಆಸೆಗೆ. ಬಂದ ಕಾರ್ಡುಗಳಿಂದಲೇ ಕಟ್ಟು ಕಟ್ಟಿ ಗೆಳೆಯನೊಡನೆ ಆಡಲು ಕೂರುವವನಿಗೆ ಈ ಮಾತು ಅನ್ವಯಿಸದು. ವಸ್ತು ಒಂದೇ, ಅದರ ಮುಂದೆ ಮನಸ್ಸು ನಿಲ್ಲುವ ಬಗೆಯಿಂದ ದೋಷವು ನಿರ್ಣಯವಾಗುತ್ತದೆ. ಕೌಶಲದ ಆಟಕ್ಕೂ ಅದೃಷ್ಟದ ಪಣಕ್ಕೂ ಇರುವ ಭೇದವನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು 1957ರ ಚಮರ್‌ಬಾಗ್‌ವಾಲಾ ಪ್ರಕರಣದಲ್ಲಿಯೂ, ರಮ್ಮಿಯನ್ನು ಕುರಿತ 1968ರ ತೀರ್ಪಿನಲ್ಲಿಯೂ ಗುರುತಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಹಣ ಹೂಡುವ ಆನ್‌ಲೈನ್ ಆಟಗಳನ್ನು ಕುರಿತದ್ದು. ಕಾಗದದ ಪೊಟ್ಟಣವು ಅದರ ವ್ಯಾಪ್ತಿಗೆ ಸೇರದು. ಕಾಯ್ದೆಯ ಕೈ ತಲುಪದ ಎಡೆಯಲ್ಲಿ ಮನೆಯ ವಿವೇಕವೇ ಕಾಯಬೇಕು.

ಅಹಿಂಸೆಯ ಪ್ರಶ್ನೆಯೂ ಸಹಜವಾಗಿ ಏಳುತ್ತದೆ. ಕಾಡಿನ ಪ್ರಾಣಿಗಳನ್ನು ಹಿಡಿದು, ಪಳಗಿಸಿ, ಒಡೆಯನ ಆಜ್ಞೆಯಂತೆ ಕಾದಾಡಿಸುವುದು ಪೊಕೆಮಾನ್ ಕಥೆಯ ಮೂಲಕಲ್ಪನೆ. ಕೋಳಿ ಅಂಕವನ್ನು ಖಂಡಿಸುವ ಮನೆಯಲ್ಲಿ ಅದರ ಚಿತ್ರರೂಪ ಸಲ್ಲುವುದೇ? ಇಲ್ಲಿ ರಕ್ತವಿಲ್ಲ, ಸಾವಿಲ್ಲ. ಸೋತ ಪ್ರಾಣಿ ಮೂರ್ಛೆ ಹೋಗುತ್ತದೆ, ಅಷ್ಟೆ. ಚದುರಂಗದಲ್ಲಿಯೂ ಆನೆ ಕುದುರೆಗಳು ‘ಸಾಯುತ್ತವೆ’. ಅದನ್ನು ಹಿಂಸೆಯೆಂದು ಯಾರೂ ಎಣಿಸಿಲ್ಲ. ಆದರೂ ಜನ್ನಕವಿಯ ‘ಯಶೋಧರ ಚರಿತೆ’ಯನ್ನು ಬಲ್ಲವರು ಈ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿಬಿಡಲಾರರು. ಅಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಕೊಲ್ಲುವ ಸಂಕಲ್ಪ ಮಾತ್ರ ನಿಜವಾದದ್ದು. ಆ ಸಂಕಲ್ಪವೇ ತಾಯಿ ಮಗನನ್ನು ಜನ್ಮಜನ್ಮಾಂತರಗಳಲ್ಲಿ ಅಲೆಸಿತು. ಆದುದರಿಂದ ನೋಡಬೇಕಾದದ್ದು ಕಾರ್ಡಿನ ಚಿತ್ರವನ್ನಲ್ಲ, ಆಡುವ ಮಗುವಿನ ಮಾತನ್ನು. ಮಗುವು ಲೆಕ್ಕ ಹಾಕುತ್ತಿದ್ದರೆ ಅದು ಚದುರಂಗದ ಬಂಧು. ನೋಯಿಸುವುದರಲ್ಲಿ ಸುಖ ಕಾಣತೊಡಗಿದರೆ ಹಿರಿಯರು ನಡುವೆ ಬರಲೇಬೇಕು.

ಸಂಗ್ರಹದ ಹವ್ಯಾಸವು ಪರಿಗ್ರಹದ ವಿಷಯಕ್ಕೆ ಬಂದು ಮುಟ್ಟುತ್ತದೆ. ಆಚಾರ್ಯ ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನ ಎಣಿಕೆಯಲ್ಲಿ ಕಾಣದೆ ಅದರ ಮೇಲಿನ ಮೋಹದಲ್ಲಿ ಕಂಡರು. ಈ ಕಾರ್ಡುಗಳ ಲೋಕದಲ್ಲಿ ಆ ಮೋಹ ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ‘ಪಿಕಾಚು ಇಲ್ಲಸ್ಟ್ರೇಟರ್’ ಎಂಬ ಕಾರ್ಡಿನ ಕಥೆಯೇ ಸಾಕ್ಷಿ. 1997–98ರ ಅವಧಿಯಲ್ಲಿ ಜಪಾನಿನ ಮಕ್ಕಳ ಪತ್ರಿಕೆಯೊಂದು ಚಿತ್ರಸ್ಪರ್ಧೆಗಳನ್ನು ನಡೆಸಿ, ಗೆದ್ದವರಿಗೆ ಅದನ್ನು ಬಹುಮಾನವಾಗಿ ಕೊಟ್ಟಿತ್ತು. ಅದು ಅಂಗಡಿಯಲ್ಲಿ ಮಾರಿದ ಕಾರ್ಡಲ್ಲ. ಅದರ ಒಂದು ಪ್ರತಿಯನ್ನು 2021ರಲ್ಲಿ ಅಮೆರಿಕದ ಪ್ರಸಿದ್ಧ ವ್ಯಕ್ತಿಯೊಬ್ಬರು 52,75,000 ಡಾಲರುಗಳ ಮೌಲ್ಯಕ್ಕೆ ಪಡೆದರು. ಚಿತ್ರ ಬರೆದ ಶ್ರಮಕ್ಕೆ ಸಂದ ಗೌರವವು ಶ್ರಮವಿಲ್ಲದವರ ಐಶ್ವರ್ಯವಾಗಿ ಮಾರ್ಪಟ್ಟಿತು. ಹೊಸ ಕಂತಿನ ಬಂಗಾರದ ಕಾರ್ಡನ್ನು ಮುಂದೊಂದು ದಿನದ ಆಸ್ತಿಯೆಂದು ಮಕ್ಕಳಿಗೆ ಹೇಳಿಕೊಡುವವರು ಈ ಕಥೆಯ ಪೂರ್ವಾರ್ಧವನ್ನು ಮರೆಯಬಾರದು. ಶ್ರಾವಕನು ಪರಿಗ್ರಹಕ್ಕೆ ಪರಿಮಾಣ ಹಾಕಿಕೊಳ್ಳುವಂತೆ ಮಗುವೂ ‘ಇಷ್ಟು ಕಾರ್ಡು, ಇಷ್ಟು ಹಣ’ ಎಂದು ತಾನೇ ಮಿತಿ ಹಾಕಿಕೊಳ್ಳಬಲ್ಲದಾದರೆ, ಸಂಗ್ರಹವೇ ಸಂಯಮದ ಮೊದಲ ಪಾಠವಾದೀತು.

ಸಣ್ಣ ಊರುಗಳ ಮಟ್ಟಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಕಂಪನಿಯ ಪೊಟ್ಟಣವೊಂದರ ಬೆಲೆ ನೂರಾರು ರೂಪಾಯಿ. ಅಂಗಡಿಗಳಲ್ಲಿ ಅಗ್ಗಕ್ಕೆ ತೂಗುಹಾಕಿರುವ, ಬಂಗಾರದಂತೆ ಹೊಳೆಯುವ ಪ್ಲಾಸ್ಟಿಕ್ ಕಾರ್ಡುಗಳು ನಕಲಿಗಳು. ಅಸಲಿ ಕಾರ್ಡಿನ ಅಂಚನ್ನು ಹತ್ತಿರದಿಂದ ನೋಡಿದರೆ ಕಾಗದದ ನಡುವೆ ಕಪ್ಪು ಪದರವೊಂದು ಗೆರೆಯಂತೆ ಕಾಣುತ್ತದೆ. ನಕಲಿಯಲ್ಲಿ ಅದಿರುವುದಿಲ್ಲ, ಅಕ್ಷರದೋಷಗಳೂ ಕಣ್ಣಿಗೆ ಬೀಳುತ್ತವೆ. ಗೊತ್ತಿದ್ದು ನಕಲಿಯನ್ನು ಅಸಲಿಯೆಂದು ದಾಟಿಸುವುದು ಅಚೌರ್ಯವ್ರತಕ್ಕೆ ಹೇಳಿದ ಅತಿಚಾರಗಳಲ್ಲಿ ಒಂದಾದ ಪ್ರತಿರೂಪಕ ವ್ಯವಹಾರವೇ ಆಗುತ್ತದೆ. ಮಕ್ಕಳ ವಿನಿಮಯದಲ್ಲಿಯೂ ಇದು ನಡೆಯುವುದುಂಟು: ದೊಡ್ಡವನು ಹೊಳಪನ್ನು ತೋರಿಸಿ ಚಿಕ್ಕವನ ಒಳ್ಳೆಯ ಕಾರ್ಡನ್ನು ಕಸಿದುಕೊಳ್ಳುತ್ತಾನೆ. ವ್ಯಾಪಾರವನ್ನೇ ವೃತ್ತಿಯಾಗಿ ಉಳ್ಳ ಮನೆಗಳು ಮಕ್ಕಳಿಗೆ ಕಲಿಸಬೇಕಾದ ಮೊದಲ ಪಾಠ ಇಲ್ಲಿಯೇ ದೊರೆಯುತ್ತದೆ.

ಕಾರ್ಡಿನ ಆಟವು ಕನ್ನಡನಾಡಿಗೆ ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ 36 ಎಲೆಗಳಿಂದ 360 ಎಲೆಗಳವರೆಗಿನ ಹದಿಮೂರು ಬಗೆಯ ಗಂಜೀಫ ಆಟಗಳನ್ನು ವಿವರಿಸಿದರು. ಅಲ್ಲಿಯೂ ವಿಸ್ತಾರವಿತ್ತು, ಚಿತ್ರವೈಭವವಿತ್ತು. ಆದರೆ ಕಟ್ಟಿನಲ್ಲಿ ಏನಿದೆಯೆಂಬುದು ಆಡುವವರೆಲ್ಲರಿಗೂ ತಿಳಿದಿತ್ತು. ಪುಣ್ಯಪಾಪಗಳ ಏಣಿ ಹಾವುಗಳನ್ನು ಹತ್ತಿಳಿದು ಸಿದ್ಧಶಿಲೆಯನ್ನು ಸೇರುವ ಜ್ಞಾನಚೌಪಡವನ್ನು ಉತ್ತರದ ಜೈನರು ಆಡಿದರು. ಅದರ ಮನೆಗಳೆಲ್ಲವೂ ಪಟದ ಮೇಲೆ ತೆರೆದೇ ಇದ್ದವು.

ಈ ಮೇಲ್ಪಂಕ್ತಿಯೇ ತೀರ್ಮಾನಕ್ಕೂ ಅಳತೆಗೋಲು. ಆಟವಾಗಿ ‘ಮೆಗಾ ಎವಲ್ಯೂಷನ್’ ಒಳ್ಳೆಯ ಕಂತು. ಎಣಿಕೆಯನ್ನೂ ಸೋಲನ್ನು ಸಹಿಸುವುದನ್ನೂ ಕಲಿಸುತ್ತದೆ. ಚಿತ್ರಗಳಾಗಿಯೂ ಅದರ ಕಾರ್ಡುಗಳು ನೋಡತಕ್ಕವು. ಮಾರಾಟದ ರೀತಿ ಮಾತ್ರ ದೋಷಯುಕ್ತವಾದದ್ದು. ಆದುದರಿಂದ ತಂದೆತಾಯಿಗಳು ಮುಚ್ಚಿದ ಪೊಟ್ಟಣಗಳಿಗೆ ಬದಲಾಗಿ, ಒಳಗಿರುವುದನ್ನು ಹೊರಗೇ ಬರೆದಿರುವ ಸಿದ್ಧ ಕಟ್ಟುಗಳನ್ನು ಕೊಡಿಸುವುದು ಲೇಸು. ಅಂಥ ಎರಡು ಕಟ್ಟುಗಳಿದ್ದರೆ ಒಂದು ಮನೆಯ ಮಕ್ಕಳು ಮಳೆಗಾಲವಿಡೀ ಆಡಬಹುದು. ಚಾತುರ್ಮಾಸ್ಯದ ದಿನಗಳಲ್ಲಿ, ರಜಾ ಶಿಬಿರಗಳಲ್ಲಿ ಮಕ್ಕಳನ್ನು ಕೂಡಿಸುವ ಬಸದಿಗಳ ಟ್ರಸ್ಟುಗಳು ಇಂಥ ನಾಲ್ಕಾರು ಕಟ್ಟುಗಳನ್ನು ಸಾರ್ವಜನಿಕ ಸ್ವತ್ತಾಗಿ ಇರಿಸಿದರೆ, ಹಣವಿದ್ದವನ ಕಟ್ಟು ಹಣವಿಲ್ಲದವನ ಕಟ್ಟನ್ನು ಸೋಲಿಸುವ ಅನ್ಯಾಯವೂ ತಪ್ಪುತ್ತದೆ. ಜೊತೆಗೆ ಮಕ್ಕಳೇ ರಟ್ಟಿನ ಮೇಲೆ ಚಿತ್ರ ಬರೆದು ತಮ್ಮದೇ ಕಾರ್ಡುಗಳನ್ನು ಮಾಡುವಂತಾದರೆ, ಯಾವ ಬಂಗಾರದ ಕಾರ್ಡಿಗೂ ಇಲ್ಲದ ಬೆಲೆ ಅವಕ್ಕೆ ಬಂದೀತು.