ಕೋಶಪಾಲನೆಯ ಕುಸುರಿ

ನಳಿಕೆಯ ಸಾಂದ್ರದ್ರವದ ಮೇಲೆ ನೆತ್ತರನ್ನು ಕಲಸಿಹೋಗದಂತೆ ಮೆಲ್ಲಮೆಲ್ಲನೆ ಇಳಿಸಿ, ಯಂತ್ರದಲ್ಲಿ ತಿರುಗಿಸಿದಾಗ ಕೆಂಪುಕಣಗಳು ತಳಸೇರಲು, ನಡುವೆ ಹಾಲಿನ ಕೆನೆಯಂತೆ ನಿಲ್ಲುವ ರಕ್ಷಕಕೋಶಗಳ ತೆಳುಪದರವನ್ನು ಹೀರಿತೆಗೆದು, 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಶೇಕಡ 5ರಷ್ಟು ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿಯಲ್ಲಿ ಪೋಷಿಸಿ, ಬಳಿಕ ಎಚ್‌ಐವಿಗೆ ಒಡ್ಡಿ, ದ್ರವದಲ್ಲಿ ಏರುವ ವೈರಾಣುವಿನ ಪಿ24 ಪ್ರೋಟೀನಿನಿಂದ ಅದರ ವೃದ್ಧಿಯನ್ನು ಅಳೆಯುವ ಈ ವಿದ್ಯೆಯಲ್ಲಿ ಹಸ್ತಸಂಯಮವೇ ಪ್ರಧಾನವೆಂದು ನನ್ನ ಭಾವನೆ.

ಬೆಂಗಳೂರಿನಲ್ಲಿ ಜಯನಗರದ ಮಗ್ಗುಲಿನ ನಿಮ್ಹಾನ್ಸ್ ಎಂಬ ಮನೋ-ನರವಿಜ್ಞಾನ ಸಂಸ್ಥೆಯ ತಜ್ಞರೂ ಜಕ್ಕೂರಿನ ಎಚ್‌ಐವಿ ಸಂಶೋಧಕ ಉದಯಕುಮಾರ್ ರಂಗ ಅವರ ಬಳಗವೂ ಕೂಡಿ 2004ರಲ್ಲಿ ಪ್ರಕಟಿಸಿದ ಶೋಧವು ಇಂತಹ ತಾಳ್ಮೆಯ ಫಲ: ಭಾರತದಲ್ಲಿ ಪ್ರಬಲವಾದ ಎಚ್‌ಐವಿಯ ‘ಸಿ’ ಉಪವರ್ಗದ ಟ್ಯಾಟ್ ಪ್ರೋಟೀನಿನ 31ನೆಯ ನೆಲೆಯಲ್ಲಿ ಸಿಸ್ಟೀನಿಗೆ ಬದಲು ಸೆರೀನ್ ಇರುವುದರಿಂದ, ಮಾನೋಸೈಟುಗಳೆಂಬ ಬಿಳಿ ರಕ್ತಕಣಗಳನ್ನು ಸೆಳೆಯುವ ಅದರ ಶಕ್ತಿ ಕುಂದಿದೆ. ಒಂದೇ ಅಮೈನೋ ಆಮ್ಲದ ಅಂತರ! ಅದನ್ನು ಗುರುತಿಸಿದ ಸೂಕ್ಷ್ಮದೃಷ್ಟಿಗೆ ನಾನು ಮಾರುಹೋಗಿದ್ದೇನೆ.