ಎತ್ತಿನ ಹೆಗಲು ನೋಡಿದಿರಾ?

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿ ಬಂತೆಂದರೆ ಪ್ರವಾಸದ ಬಸ್ಸುಗಳು ಉತ್ಸವ ರಾಕ್ ಗಾರ್ಡನ್ನಿಗೆ ತಿರುಗುತ್ತವೆ. ಇಳಿದವರು ಅಲ್ಲಿನ ಎತ್ತಿನ ಶಿಲ್ಪದ ಕೋಡು ಹಿಡಿದು ಫೋಟೋ ತೆಗೆಸಿಕೊಂಡು, ‘ಥೇಟ್ ಜೀವಂತ ಇದ್ದಂಗೈತಿ’ ಎಂದು ಹೊರಟುಬಿಡುತ್ತಾರೆ. ಈ ಉದ್ಯಾನ ರೂಪಿಸಿ 2020ರಲ್ಲಿ ತೀರಿಕೊಂಡ ಕಲಾವಿದ ಟಿ.ಬಿ. ಸೊಲಬಕ್ಕನವರ ಬದುಕಿನ ದುಡಿಮೆಗೆ ಇಷ್ಟೇ ಮೆಚ್ಚುಗೆ ಸಿಕ್ಕರೆ ಅನ್ಯಾಯ.

ಈ ಬರಹಗಾರನೂ ಮೊದಲ ಸಲ ಅರ್ಧ ಗಂಟೆಯಲ್ಲಿ ಸುತ್ತಿ ಬಂದವನೇ. ಎರಡನೇ ಸಲ ಜೊತೆಗೆ ಹಿರೇಕೆರೂರ ಕಡೆಯ ಮಾವ ಇದ್ದರು. ಒಂದು ಎತ್ತಿನ ಮುಂದೆ ನಿಂತವರು ಕದಲಲಿಲ್ಲ. ‘ತಮ್ಮಾ, ಡುಬ್ಬ ಹೆಂಗ ಇಳದೈತಿ ನೋಡ. ಭಾಳ ದುಡದೈತಿ ಇದು’ ಎಂದರು. ಕಣ್ಣು ತೆರೆದದ್ದು ಆಗ.

ನೋಡಬೇಕಾದದ್ದು ಹೋಲಿಕೆಯನ್ನಲ್ಲ, ಭಾರವನ್ನು. ಮೈಯ ತೂಕ ಯಾವ ಕಾಲಿನ ಮೇಲಿದೆ? ನೊಗ ಕೂತ ಹೆಗಲು ತಗ್ಗಿದೆಯೇ? ಚಲಿಸುವ ಪ್ರಾಣಿಯನ್ನು ಕಲಾವಿದ ಯಾವ ಗಳಿಗೆಯಲ್ಲಿ ತಡೆದು ನಿಲ್ಲಿಸಿದ? ದೊಡ್ಡಾಟದ ರಂಗಕ್ಕಾಗಿ ದುಡಿದ ಸೊಲಬಕ್ಕನವರಿಗೆ ನಿಲುವಿನ ಬೆಲೆ ಗೊತ್ತಿತ್ತು.

ಹದಿನೇಳನೇ ಶತಮಾನದ ಯುರೋಪಿನ ಚಿತ್ರಕಾರರು ಊಟದ ಮೇಜಿನ ಮೇಲೆ ಹುಡುಕಿದ್ದೂ ಈ ಭಾರವನ್ನೇ, ಈ ತಡೆದು ನಿಲ್ಲಿಸಿದ ಗಳಿಗೆಯನ್ನೇ. ಹಾರ್ಲೆಮ್‌ನ ವಿಲೆಮ್ ಹೇಡಾನ 1635ರ ಚಿತ್ರದಲ್ಲಿ ಅರ್ಧ ಸುಲಿದ ನಿಂಬೆಯ ಸಿಪ್ಪೆ ಸುರುಳಿಯಾಗಿ ಜೋತುಬಿದ್ದಿದೆ. ಉಂಡವರು ಈಗತಾನೇ ಎದ್ದು ಹೋದಂತಿದೆ. ಕ್ಲಾರಾ ಪೀಟರ್ಸ್ ಸುಮಾರು 1615ರಲ್ಲಿ ಗಿಣ್ಣಿನ ಗಟ್ಟಿಗಳು, ಬೆಣ್ಣೆ, ಬಾದಾಮಿ ಬರೆದಳು. ಮುಂದಿಟ್ಟ ಚಾಕುವಿನ ಹಿಡಿಯಲ್ಲಿ ಅವಳ ಹೆಸರಿದೆ. ಹೂಜಿಯ ಮುಚ್ಚಳದ ಹೊಳಪಿನಲ್ಲಿ, ಕಾಳಿನಷ್ಟು ಚಿಕ್ಕದಾಗಿ, ಅವಳದೇ ಮುಖ. ಖಾನಾವಳಿ ಗೋಡೆಯ ಮೇಲಿನ ಹಣ್ಣಿನ ಬುಟ್ಟಿಯ ಪ್ರಿಂಟನ್ನೇ ‘ಆರ್ಟು’ ಎನ್ನುವವರಿಗೆ ಇಂಥದ್ದು ಕಾಣುವುದಿಲ್ಲ; ಬಗ್ಗಿ ನೋಡುವ ರೂಢಿಯೇ ಅವರಿಗಿಲ್ಲ. ಆಂಟ್ವರ್ಪ್‌ನ ಫ್ರಾನ್ಸ್ ಸ್ನೈಡರ್ಸ್‌ನದು ಬೇರೆ ದಾರಿ: ಬೇಟೆಯ ಜಿಂಕೆ, ಹಂಸಗಳ ರಾಶಿ, ಪಕ್ಕದಲ್ಲಿ ಹೊಂಚುವ ಜೀವಂತ ನಾಯಿ, ಬೆಕ್ಕು. ಸತ್ತದ್ದರ ತೂಕವೂ ಇದ್ದದ್ದರ ಬಿಗುವೂ ಒಂದೇ ಚೌಕಟ್ಟಿನಲ್ಲಿ.

ಹಾನಗಲ್ಲಿನ ವೀರಗಲ್ಲುಗಳ ಆನೆ, ಕುದುರೆಗಳನ್ನೂ ಹೀಗೇ ನೋಡಬಹುದು. ಆದರೆ ಅವು ಯುದ್ಧದ ಪ್ರಾಣಿಗಳು, ಗೊಟಗೋಡಿಯವು ಮನೆಯವು.

ಗೊಟಗೋಡಿಗೆ ಹೋಗುವ ಹಿಂದಿನ ಸಂಜೆ ಮನೆಯಲ್ಲೇ ಒಂದು ತಾಲೀಮು ಆಗಲಿ. ಕಿಟಕಿಯ ಪಕ್ಕ ಒಂದು ತಾಟು, ಅದರಲ್ಲಿ ಮುರಿದ ಜೋಳದ ರೊಟ್ಟಿ, ಗುದ್ದಿದ ಉಳ್ಳಾಗಡ್ಡಿ, ನೀರು ಚಿಮುಕಿಸಿದ ಸವಣೂರಿನ ನಾಲ್ಕು ವೀಳ್ಯದೆಲೆ. ಮೊಬೈಲ್ ಒಳಗಿಟ್ಟು ಹತ್ತು ನಿಮಿಷ ಸುಮ್ಮನೆ ಕೂರಬೇಕು. ರೊಟ್ಟಿಯ ಮುರಿದ ಅಂಚಿನ ಮೇಲೆ ಬೆಳಕು ಮೊದಲು ಆರುತ್ತದೋ, ಎಲೆಯ ಹನಿಯ ಮೇಲೋ?