ಗಣಕಯಂತ್ರದಲ್ಲಿ ಕೊಡವ ನುಡಿಯ ಸ್ವರಗಳು

ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿ ಕೊಡವರ ಹಾಡು, ಆಚಾರ, ಗಾದೆಗಳನ್ನು ಒಂದೆಡೆ ಕೂಡಿಸಿದುದು ಸರ್ವವಿದಿತವಾದ ಸಂಗತಿ. ಅವರು ಬಳಸಿದುದು ಕನ್ನಡ ಲಿಪಿ. ಅದಕ್ಕೆ ಮುನ್ನವೇ ಹರದಾಸ ಅಪ್ಪಚ್ಚ ಕವಿಗಳ ನಾಟಕಗಳೂ ಇದೇ ಲಿಪಿಯಲ್ಲಿ ಬೆಳಕು ಕಂಡಿದ್ದುವು. ಆ ಕಾಲದ ಓದುಗನಿಗೆ ಕೊಡವ ತಕ್ಕ್ ಕಿವಿಯಲ್ಲಿ ನೆಲೆಸಿದ್ದ ನುಡಿ. ಪುಸ್ತಕದ ಅಕ್ಷರವು ಅವನಿಗೆ ಸ್ಮರಣಿಕೆ ಮಾತ್ರ. ಅಕ್ಷರದಲ್ಲಿ ಕೊರತೆಯಿದ್ದರೆ ಕಿವಿ ಅದನ್ನು ತುಂಬಿಕೊಳ್ಳುತ್ತಿತ್ತು. ಈಗ ಅದೇ ನುಡಿ ಮೊಬೈಲಿನ ಗಾಜಿನ ಮೇಲೆ, ಗಣಕಯಂತ್ರದ ಪರದೆಯ ಮೇಲೆ, ಬೆಂಗಳೂರಿನಲ್ಲಿಯೋ ಪರದೇಶದಲ್ಲಿಯೋ ಹುಟ್ಟಿ ಬೆಳೆದ ಮಕ್ಕಳ ಕಣ್ಣಿಗೆ ಮೊದಲು ಬೀಳುತ್ತಿದೆ. ಕಿವಿಗೆ ಬರುವುದು ಆಮೇಲೆ. ಎಷ್ಟೋ ವೇಳೆ ಬರುವುದೇ ಇಲ್ಲ. ಹೀಗೆ ಕ್ರಮವು ತಲೆಕೆಳಗಾದ ಮೇಲೆ ಅಕ್ಷರದ ಕೊರತೆಯೇ ನಾಲಗೆಯ ಕೊರತೆಯಾಗುವ ಸಂಭವ ಒದಗಿದೆ. ಜನಗಣತಿಯಲ್ಲಿ ಈ ನುಡಿಯನ್ನು ಮಾತೃಭಾಷೆಯೆಂದು ಬರೆಯಿಸಿದವರು 2001ರಲ್ಲಿ 1,66,187, 2011ರಲ್ಲಿ 1,13,857. ಈ ಇಳಿತಕ್ಕೆ ಕಾರಣಗಳು ಹಲವಿರಬಹುದು. ಕಿವಿಯಿಂದ ಕಲಿಯುವವರ ಬಳಗ ಕಿರಿದಾಗುತ್ತಿದೆಯೆಂಬುದಂತೂ ಸ್ಪಷ್ಟ.

ಕೊರತೆ ಯಾವುದೆಂಬುದನ್ನು ಮೊದಲು ನಿರ್ಣಯಿಸತಕ್ಕದ್ದು. ಕನ್ನಡದ ಅ, ಇ, ಉ, ಎ, ಒ ಎಂಬ ಸ್ವರಗಳೂ ಅವುಗಳ ದೀರ್ಘಗಳೂ ಕೊಡವದಲ್ಲಿವೆ. ಇವಲ್ಲದೆ ಇಕಾರಕ್ಕೂ ಉಕಾರಕ್ಕೂ ನಡುವಣದೊಂದು, ಎಕಾರಕ್ಕೂ ಒಕಾರಕ್ಕೂ ನಡುವಣದೊಂದು, ಇವೆರಡರ ದೀರ್ಘಗಳು ಎಂದು ನಾಲ್ಕು ಸ್ವರಗಳು ಹೆಚ್ಚಾಗಿವೆ. ನಾಲಗೆಯು ಹಿಂದೆ ಸರಿದಿದ್ದರೂ ತುಟಿಗಳು ದುಂಡಗಾಗದಿರುವುದು ಇವುಗಳ ಲಕ್ಷಣ. ಶಿಕ್ಷಾಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇವು ತಾಲವ್ಯಗಳೂ ಅಲ್ಲ, ಓಷ್ಠ್ಯಗಳೂ ಅಲ್ಲ. ಎಮನೋ ಎಂಬ ಭಾಷಾವಿದ್ವಾಂಸರು 1930ರ ದಶಕದಲ್ಲಿ ಕೊಡವವನ್ನು ಕೇಳಿ ಬರೆದುಕೊಂಡು, 1970ರಲ್ಲಿ ಈ ಸ್ವರಗಳನ್ನು ಕುರಿತೇ ಒಂದು ಲೇಖನವನ್ನು ಪ್ರಕಟಿಸಿದರು. ಮೂಲದ ಇಕಾರ ಎಕಾರಗಳು ಮೂರ್ಧನ್ಯ ವ್ಯಂಜನಗಳ ಹಿಂದೆ ಬಂದಾಗ ಈ ನಡುಸ್ವರಗಳಾಗಿವೆ. ಮೊದಲಲ್ಲಿ ಓಷ್ಠ್ಯ ವ್ಯಂಜನವಿದ್ದರೆ ಉಕಾರ ಒಕಾರಗಳೇ ಆಗಿವೆ. ಕನ್ನಡದ ‘ಬಿಡು’ ಅಲ್ಲಿ ‘ಬುಡ್’. ಹಳಗನ್ನಡದ ‘ಪೆಣ್’ ಅಲ್ಲಿ ‘ಪೊಣ್ಣ್’. ಈ ಎರಡನೆಯ ಬಗೆಯವನ್ನು ಕನ್ನಡ ಲಿಪಿ ಸುಲಭವಾಗಿ ಹಿಡಿಯುತ್ತದೆ. ಏಳು, ಎಂಟು ಎಂಬ ಎಣಿಕೆಯ ಹೆಸರುಗಳ ಮೊದಲ ಸ್ವರವನ್ನು ಮಾತ್ರ ಅದು ಹಿಡಿಯಲಾರದು. ಎಕಾರವೆಂದೇ ಬರೆದು ಮುಂದೆ ಸಾಗುತ್ತದೆ.

ಪದಾಂತದ ನಡುಸ್ವರದ ಪಾಡು ಇನ್ನೂ ವಿಚಿತ್ರವಾದುದು. ‘ತಕ್ಕ್’ ಎಂಬ ಮಾತಿನ ಕೊನೆಯಲ್ಲಿ ಕೊಡವರ ಬಾಯಲ್ಲಿ ಒಂದು ಮೆಲುವಾದ ಸ್ವರವುಂಟು. ಬರೆಯುವಾಗ ಅದಕ್ಕೆ ಹಲಂತಚಿಹ್ನೆಯನ್ನು ಇಡುವುದು ರೂಢಿ. ಕನ್ನಡದಲ್ಲಿ ಆ ಚಿಹ್ನೆ ಸ್ವರದ ಅಭಾವವನ್ನು ಸೂಚಿಸಿದರೆ, ಕೊಡವದ ಬರೆಹದಲ್ಲಿ ಅದೇ ಚಿಹ್ನೆ ಸ್ವರದ ಸದ್ಭಾವವನ್ನು ಸೂಚಿಸಬೇಕಾಗಿದೆ! ನೆರೆಯ ಮಲಯಾಳಿಗಳೂ ತಮ್ಮ ಸಂವೃತ ಉಕಾರಕ್ಕೆ ಚಂದ್ರಕಲೆಯನ್ನೇ ಇಡುತ್ತಾರೆ. ಆದರೆ ಉಕಾರದ ಗುಣಿತದ ಮೇಲೆ ಚಂದ್ರಕಲೆಯನ್ನಿಟ್ಟು ಬರೆಯುವ ಪದ್ಧತಿಯೂ ಅವರಲ್ಲುಂಟಾದುದರಿಂದ ಅಭಾವ ಸದ್ಭಾವಗಳ ಭೇದವನ್ನು ತೋರಿಸುವ ದಾರಿಯೊಂದು ಅವರಿಗಿದೆ.

ಒಂದು ಅಕ್ಷರದಿಂದ ಎರಡು ಧ್ವನಿಗಳನ್ನು ಸಾಧಿಸುವುದು ದೋಷವೆಂದು ಹೇಳಲಾಗದು. ಪಾಣಿನಿ ಮಹರ್ಷಿಯೇ ಶಾಸ್ತ್ರದ ಸೌಕರ್ಯಕ್ಕಾಗಿ ಹ್ರಸ್ವ ಅಕಾರವನ್ನು ವಿವೃತವೆಂದು ಭಾವಿಸಿಕೊಂಡು ಎಂಟು ಅಧ್ಯಾಯಗಳನ್ನು ನಡೆಯಿಸಿದನು. ಆದರೆ ಕಟ್ಟಕಡೆಯ ಸೂತ್ರದಲ್ಲಿ ಅದು ಪ್ರಯೋಗದಲ್ಲಿ ಸಂವೃತವೆಂದು ಹೇಳಿ ಋಣಮುಕ್ತನಾದನು. ಕೊಡವದ ಬರೆಹಕ್ಕೆ ಅಂಥ ಕಡೆಯ ಸೂತ್ರವನ್ನು ಅಕ್ಷರದಲ್ಲಿ ನಿಲ್ಲಿಸಿದವರಿಲ್ಲ. 1924ರಲ್ಲಿ ಅದರ ಅವಶ್ಯಕತೆಯೂ ಅಷ್ಟಾಗಿ ಇರಲಿಲ್ಲ. ದುಡಿಯ ಬಡಿತಕ್ಕೆ ಹಾಡುವ ನಾಲ್ವರ ಬಾಯಲ್ಲಿ ಆ ಸೂತ್ರವಿತ್ತು. ಆದುದರಿಂದ ಚಿಣ್ಣಪ್ಪನವರ ಬರೆಹವನ್ನು ದೂಷಿಸುವುದು ಅನ್ಯಾಯ. ದೂಷಿಸಬೇಕಾದುದು ಅದನ್ನು ಹಾಗೆಯೇ ಯಂತ್ರಕ್ಕೆ ಒಪ್ಪಿಸಿ ಕೆಲಸ ಮುಗಿಯಿತೆಂದು ತಿಳಿಯುವ ಇಂದಿನ ಔದಾಸೀನ್ಯವನ್ನು.

ಯಂತ್ರಕ್ಕೆ ಕಿವಿಯಿಲ್ಲ. ಅದು ಅಕ್ಷರವನ್ನು ಸಂಖ್ಯೆಯಾಗಿ ಅರಿಯುತ್ತದೆ. ಒಬ್ಬನು ‘ತಕ್ಕ್’ ಎಂದು, ಇನ್ನೊಬ್ಬನು ‘ತಕ್ಕು’ ಎಂದು, ಮತ್ತೊಬ್ಬನು ಹಲಂತದ ಮುಂದೆ ಕಣ್ಣಿಗೆ ಕಾಣದ ವಿಯೋಜಕ ಚಿಹ್ನೆಯೊಂದನ್ನು ಸೇರಿಸಿ ಬರೆದರೆ, ಓದುವವನಿಗೆ ಒಂದೇ ಮಾತಾದುದು ಯಂತ್ರಕ್ಕೆ ಮೂರು ಮಾತು. ಆ ವಿಯೋಜಕವನ್ನು ಬಿಟ್ಟರೂ ಕಷ್ಟವೇ. ಹಲಂತದ ಬಳಿಕ ಎಡೆಯಿಲ್ಲದೆ ಬೇರೊಂದು ವ್ಯಂಜನ ಬಂದ ಕೂಡಲೇ ಯಂತ್ರವು ಅವೆರಡನ್ನೂ ಬೆಸೆದು ಒತ್ತಕ್ಷರ ಮಾಡಿ, ನಡುವಣ ಸ್ವರವನ್ನು ನುಂಗಿಬಿಡುತ್ತದೆ. ನೂರು ಹಾಡುಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆಯೆಂದು ಹುಡುಕುವವನಿಗೆ ಮೂರರಲ್ಲೊಂದು ಪಾಲು ದೊರೆತು ಉಳಿದುದು ದೊರೆಯದೆ ಹೋದರೆ, ಅವನು ಆ ಪದ ವಿರಳವೆಂದೇ ತೀರ್ಮಾನಿಸುವನು. ನಿಘಂಟುಕಾರನಿಗೆ ಇದಕ್ಕಿಂತ ದೊಡ್ಡ ಅನರ್ಥ ಬೇರೆಯಿಲ್ಲ.

ರೋಮನ್ ಲಿಪಿಯಲ್ಲಿ ಬರೆಯುವವರ ಗೊಡವೆ ಬೇರೆ. ಮೊಬೈಲಿನ ಕೀಲಿಮಣೆಯಲ್ಲಿ ಅದು ಸುಲಭವೆಂದು ಬಹುಮಂದಿ ಅದನ್ನೇ ಹಿಡಿದಿದ್ದಾರೆ. ಅಲ್ಲಿ ನಡುಸ್ವರಗಳು ಹೋಗುವುದಲ್ಲದೆ ನಕಾರ ಣಕಾರಗಳ ಭೇದವೂ ಹೋಗುತ್ತದೆ. ‘ಪಟ್ಟೋಲೆ ಪಳಮೆ’ಯ ಕರ್ತೃವಿನ ಹೆಸರನ್ನೇ ರೋಮನ್ನಿನಲ್ಲಿ ಕಂಡವನು ಚಿನ್ನಪ್ಪ ಎಂದು ಓದುವನಲ್ಲದೆ ಚಿಣ್ಣಪ್ಪ ಎಂದು ಓದುವ ಬಗೆಯಿಲ್ಲ. ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು 2003ರಲ್ಲಿ ಆ ಗ್ರಂಥದ ಇಂಗ್ಲಿಷ್ ಅನುವಾದವನ್ನು ಹೊರತಂದುದರಿಂದ ಅರ್ಥವು ದೂರದವರಿಗೂ ತಲುಪಿತು. ಅದು ಮಹೋಪಕಾರ. ಧ್ವನಿಯನ್ನು ತಲುಪಿಸುವ ಕೆಲಸ ಇನ್ನೂ ಉಳಿದಿದೆ.

ಇನ್ನು ಯಂತ್ರದ ಅಕ್ಷರಪಟ್ಟಿಯ ವಿಚಾರ. ಯೂನಿಕೋಡ್ ಎಂಬ ವಿಶ್ವವ್ಯಾಪಿ ಪಟ್ಟಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ಆ ಪಟ್ಟಿಯನ್ನು ಶಾಸ್ತ್ರದೃಷ್ಟಿಯಿಂದ ಪರಿಶೀಲಿಸಿದವರಿಗೆ ಕೌತುಕವೂ ಖೇದವೂ ಒಟ್ಟಿಗೆ ಉಂಟಾಗುತ್ತವೆ. ವೈಯಾಕರಣರಿಗೇ ಪ್ರಯೋಜನ ಕಾಣದ ೡಕಾರಕ್ಕೆ ಅಲ್ಲಿ ಮನೆಯಿದೆ. ಜಿಹ್ವಾಮೂಲೀಯ, ಉಪಧ್ಮಾನೀಯಗಳಿಗೂ ಮನೆಯಿದೆ. ಹಳಗನ್ನಡದ ನಕಾರಪೊಲ್ಲಿಗೆ 2021ರಲ್ಲಿ ಮನೆ ದೊರೆಯಿತು. ಕೇಶಿರಾಜನು ಕವಿಗಳು ತಪ್ಪದಿರಲೆಂದು ಶಬ್ದಗಳನ್ನು ಪಟ್ಟಿಮಾಡಿಕೊಟ್ಟ ೞಕಾರಕ್ಕೆ ಮನೆಯೇನೋ ಇದೆ. ಆದರೆ ಬಾಗಿಲ ಮೇಲೆ ಬೇರೆಯವರ ಹೆಸರು! ಪಟ್ಟಿ ಬರೆದವರು ಅದನ್ನು ಇಂಗ್ಲಿಷಿನ ಎಫ್ ಧ್ವನಿಯ ಫಕಾರವೆಂದು ತಪ್ಪಾಗಿ ಕರೆದರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಅವರ ನಿಯಮವಾದುದರಿಂದ, ತಪ್ಪು ಹೆಸರು ಹಾಗೆಯೇ ನಿಂತು, ಸರಿಯಾದುದು ಉಪನಾಮವಾಗಿ ಪಕ್ಕದಲ್ಲಿ ಸೇರಿದೆ. ಹೀಗೆ ಮೃತವರ್ಣಗಳಿಗೆಲ್ಲ ಆಶ್ರಯವಿತ್ತ ಕನ್ನಡದ ಅಂಕಣದಲ್ಲಿ, ಲಕ್ಷಕ್ಕೂ ಮಿಕ್ಕ ಜನ ನಿತ್ಯ ಉಚ್ಚರಿಸುವ ನಾಲ್ಕು ಸ್ವರಗಳಿಗೆ ಎಡೆಯಿಲ್ಲ.

ಹಾಗೆಂದು ಪಟ್ಟಿಕಾರರ ಮೇಲೆಯೇ ಹೊರೆ ಹೊರಿಸುವುದು ವಿವೇಚನೆಯಲ್ಲ. ಬರೆಹದಲ್ಲಿ ಕಂಡುದನ್ನು ಅವರು ಸೇರಿಸುತ್ತಾರೆ. ಜಿಹ್ವಾಮೂಲೀಯಕ್ಕೆ ಶಾಸನಗಳ ಸಾಕ್ಷ್ಯವಿತ್ತು. ಕೊಡವ ಸ್ವರಗಳಿಗೆ ಎಲ್ಲರೂ ಒಪ್ಪಿ ಬರೆದ ಚಿಹ್ನೆಯೆಲ್ಲಿದೆ? ಐ. ಮಾ. ಮುತ್ತಣ್ಣನವರು 1970ರಲ್ಲಿ ಪ್ರತ್ಯೇಕ ಲಿಪಿಯನ್ನು ರೂಪಿಸಿದರು. 2005ರಲ್ಲಿ ಗ್ರೆಗ್ ಕಾಕ್ಸ್ ಎಂಬವರು ಮತ್ತೊಂದನ್ನು ರಚಿಸಿದರು. 2022ರಲ್ಲಿ ಕರ್ನಾಟಕ ಕೊಡವ ಸಾಹಿತ್ಯ ಅಕಾಡೆಮಿಯು ಮುತ್ತಣ್ಣನವರ ಲಿಪಿಯನ್ನು ಅಂಗೀಕರಿಸಿತು. ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡಿನ 16ನೆಯ ಆವೃತ್ತಿಯನ್ನು ಪ್ರವೇಶಿಸಿತು. ಕೊಡವ ಲಿಪಿ ಆ ಆವೃತ್ತಿಯಲ್ಲಿಲ್ಲ. ತುಳುವಿನ ಪಕ್ಷಕ್ಕೆ ಶತಮಾನಗಳ ತಾಳೆಯೋಲೆಗಳಿದ್ದುವು. ಕೊಡವ ಲಿಪಿಯ ಪಕ್ಷಕ್ಕೆ ಇನ್ನೂ ಪುಸ್ತಕಗಳು ಹುಟ್ಟಬೇಕಾಗಿದೆ. ಪ್ರತ್ಯೇಕ ಲಿಪಿಯಿಂದ ಜನಾಂಗದ ಅಭಿಮಾನಕ್ಕೆ ಪುಷ್ಟಿಯುಂಟೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ‘ಪಟ್ಟೋಲೆ ಪಳಮೆ’ಯೂ ಅಪ್ಪಚ್ಚ ಕವಿಗಳ ನಾಟಕಗಳೂ ಕನ್ನಡ ಅಕ್ಷರದಲ್ಲಿವೆ, ಹೊಸ ಲಿಪಿಯನ್ನಷ್ಟೇ ಕಲಿತ ಮಗು ತನ್ನ ಅಜ್ಜನ ಪುಸ್ತಕವನ್ನು ಓದಲಾರದು.

ಇಲ್ಲಿ ಒಂದು ಪೂರ್ವಪಕ್ಷ: ಈಗ ಮೊಬೈಲಿನಲ್ಲಿ ಧ್ವನಿಯನ್ನೇ ಮುದ್ರಿಸಿ ಕಳುಹಿಸಬಹುದಾಗಿರುವಾಗ ಅಕ್ಷರದ ಈ ಸೂಕ್ಷ್ಮ ಏತಕ್ಕೆ? ಹಾಡನ್ನು ಹಾಡಿನಂತೆಯೇ ಉಳಿಸಿದರೆ ಸಾಲದೆ? ಸಾಲದು. ವೇದವು ಬಾಯಿಂದ ಬಾಯಿಗೆ ಉಳಿದುದೇನೋ ನಿಜ. ಉಳಿದುದು ಬರಿಯ ಕೇಳ್ಮೆಯಿಂದಲ್ಲ. ಪದಪಾಠ, ಕ್ರಮಪಾಠಗಳಿಂದ, ಪ್ರಾತಿಶಾಖ್ಯಗಳ ವರ್ಣವಿಚಾರದಿಂದ. ಧ್ವನಿಮುದ್ರಿಕೆಯು ಒಬ್ಬನು ಒಂದು ದಿನ ಹಾಡಿದುದನ್ನು ತಿರುತಿರುಗಿ ಹೇಳುತ್ತದೆ. ಅಲ್ಲಿ ಕೇಳಿಸಿದುದು ಇಕಾರವೋ ನಡುಸ್ವರವೋ ಎಂದು ಸಂದೇಹಪಟ್ಟ ಮಗುವಿಗೆ ಉತ್ತರ ಹೇಳದು. ಧ್ವನಿಯೂ ಬೇಕು, ಅದರ ಪಕ್ಕದಲ್ಲಿ ನಿಂತು ಸಂದೇಹ ಕಳೆಯುವ ಅಕ್ಷರವೂ ಬೇಕು.

ಕನ್ನಡ ಲಿಪಿಯೊಳಗೇ ಪರಿಹಾರವುಂಟು. ರೋಮನ್ ಲಿಪಿಯಲ್ಲಿ ಭಾಷಾವಿದ್ವಾಂಸರು ಈ ಸ್ವರಗಳಿಗೆ ಮೇಲೆ ಎರಡು ಚುಕ್ಕಿಗಳನ್ನು ಇಡುತ್ತಾರೆ. ಆ ಜೋಡಿ ಚುಕ್ಕಿಯ ಚಿಹ್ನೆ ಯೂನಿಕೋಡಿನಲ್ಲಿ ಸ್ವತಂತ್ರವಾಗಿಯೇ ಇದೆ. ಯಾವ ಅಕ್ಷರದ ಬಳಿಕ ಬೇಕಾದರೂ ಅದನ್ನು ಬರೆಯಬಹುದು. ಆದರೆ ಅಕ್ಷರಶೈಲಿಯನ್ನು ರಚಿಸುವವನು ಅದಕ್ಕೆ ನೆಲೆ ಕಲ್ಪಿಸದಿದ್ದರೆ, ಚಿಹ್ನೆಯು ಅಕ್ಷರದ ತಲೆಯ ಮೇಲೆ ಕೂರದೆ ಚುಕ್ಕಿಗಳ ವೃತ್ತವೊಂದರ ಮೇಲೆ ಅನಾಥವಾಗಿ ನಿಲ್ಲುತ್ತದೆ. ನೆಲೆ ಕಲ್ಪಿಸುವುದು ದುಸ್ಸಾಧ್ಯವಾದುದೇನೂ ಅಲ್ಲ. ಇಕಾರ ಎಕಾರಗಳಿಗೂ ಅವುಗಳ ಗುಣಿತಗಳಿಗೂ ಅದನ್ನು ಹೊಂದಿಸಿಟ್ಟರಾಯಿತು. ಪದಾಂತದಲ್ಲಿ ಹಲಂತವನ್ನು ಬಿಟ್ಟು ಚುಕ್ಕಿಯುಳ್ಳ ಇಕಾರದ ಗುಣಿತವನ್ನೇ ಬರೆದರೆ ಒತ್ತಕ್ಷರದ ಉಪದ್ರವವೂ ತಪ್ಪುವುದು, ಹಲಂತವು ತನ್ನ ಹಳೆಯ ಅರ್ಥಕ್ಕೆ ಹಿಂದಿರುಗುವುದು. ಮುತ್ತಣ್ಣನವರ ಲಿಪಿಯನ್ನು ಕಲಿಸುವವರಿಗೂ ಇದರಿಂದ ಬಾಧೆಯಿಲ್ಲ. ಈ ಚುಕ್ಕಿಯಿಟ್ಟ ಪಾಠದಿಂದ ಆ ಲಿಪಿಗೆ ಪರಿವರ್ತಿಸುವುದು ಯಂತ್ರಕ್ಕೆ ನಿಮಿಷದ ಕೆಲಸ. ಚುಕ್ಕಿಯಿಲ್ಲದ ಪಾಠದಿಂದ ಅದು ಯಾವ ಯಂತ್ರಕ್ಕೂ ಸಾಧ್ಯವಿಲ್ಲ.

ಹೀಗೆ ಚುಕ್ಕಿಯಿಡಲು ಮೊದಲು ‘ಪಟ್ಟೋಲೆ ಪಳಮೆ’ಯ ಹಾಡುಗಳನ್ನು ಬಲ್ಲವರ ಮುಂದೆ ಸಾಲು ಸಾಲಾಗಿ ಓದಿಸಿ ಪಾಠವನ್ನು ನಿರ್ಣಯಿಸಬೇಕು. ಎಲ್ಲಿ ಇಕಾರ, ಎಲ್ಲಿ ನಡುಸ್ವರ ಎಂಬುದನ್ನು ಅಚ್ಚಿನ ಪ್ರತಿ ಹೇಳದು. ದುಡಿ ಹಿಡಿದು ಹಾಡಿ ಬಲ್ಲ ಹಿರಿಯರು ಹೇಳಬಲ್ಲರು.